ಮೊದಲು ಬಿಲ್ಲು, ಬಾಣ ಆಮೇಲೆ



ಕಳೆದ ತಿಂಗಳು ಕನ್ನಡ ಶಾಲೆಯಲ್ಲಿ ಊಟದ ಹೊತ್ತಿಗೆ ಒಬ್ಬ ಆಂಟಿ, "ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು. ನಾನು ಚಿತ್ರಾನ್ನ ತಿನ್ನುತ್ತಾ, "ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆ ಕಲಿಯೋಕೆ ಹೋಗಿದ್ದೆ ಆಂಟಿ" ಎಂದೆ. ಮೇಜಿನ ಸುತ್ತ ಇದ್ದವರೆಲ್ಲ ಒಂದು ಕ್ಷಣ ಸುಮ್ಮನಾದರು. ಕೊನೆಗೆ ಆಂಟಿಯೇ, "ಅಲ್ಲಮ್ಮಾ, ಹೋದ ವರ್ಷ ಸ್ಟೇಜ್ ಮೇಲೆ ಪುಣ್ಯಕೋಟಿ ಆಗಿದ್ದವಳು ನೀನೇ ಅಲ್ವಾ? ಈಗ ಬೇಟೆನಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅದು ಒಳ್ಳೆಯ ಪ್ರಶ್ನೆ. ಅವತ್ತು ತಟ್ಟೆ ಹಿಡಿದುಕೊಂಡು ಅದಕ್ಕೆ ಉತ್ತರ ಹೇಳಲು ಆಗಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇವತ್ತಿನವರೆಗೆ ಒಂದು ಜಿಂಕೆಯನ್ನೂ ಕೊಂದಿಲ್ಲ. ಆದರೂ ಈ ದೇಶದಲ್ಲಿ ಬೆಳೆಯುವ ನಮ್ಮಂಥ ಮಕ್ಕಳು ಬೇಟೆ ಎಂದರೇನು ಎಂದು ಸರಿಯಾಗಿ ತಿಳಿದುಕೊಳ್ಳಬೇಕು, ಆಸೆ ಇದ್ದವರಿಗೆ ಅದನ್ನು ಕಲಿಯಲು ಮನೆಯವರು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಹೇಗೆ ಕಲಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದರ ಬಗ್ಗೆಯೂ ನನಗೆ ಅಭಿಪ್ರಾಯವಿದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಇದೆಲ್ಲ ಶುರುವಾದದ್ದು ನಮ್ಮ ಮೌಂಟ್ ಆಲ್ಬರ್ಟ್‌ನಲ್ಲೇ. ನಮ್ಮ ಮನೆಯಿಂದ ಓವೈರಾಕ ಗುಡ್ಡಕ್ಕೆ ಹತ್ತು ನಿಮಿಷದ ನಡಿಗೆ. ಗುಡ್ಡದ ಮೇಲಿನ ಹಳೆಯ ಜ್ವಾಲಾಮುಖಿಯ ಕುಳಿ ಈಗ ಹುಲ್ಲು ಬೆಳೆದ ಬಟ್ಟಲಿನ ಹಾಗಿದೆ. ಅಲ್ಲೇ ಮೌಂಟನ್ ಗ್ರೀನ್ ಆರ್ಚರಿ ಕ್ಲಬ್‌ನವರು ಬಿಲ್ವಿದ್ಯೆ ಅಭ್ಯಾಸ ಮಾಡುತ್ತಾರೆ. ನೀವು ವಾಕಿಂಗ್ ಹೋದಾಗ ನೋಡಿರಬಹುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ನೋಡಿ ನನಗೂ ಕಲಿಯಬೇಕು ಅನ್ನಿಸಿತು. ಅಮ್ಮ ಖುಷಿಯಿಂದಲೇ ಒಪ್ಪಿದರು. "ಅರ್ಜುನನ ವಿದ್ಯೆ, ಏಕಾಗ್ರತೆ ಬರುತ್ತೆ, ಪರೀಕ್ಷೆಗೂ ಒಳ್ಳೆಯದು" ಎಂದರು. ಅರ್ಜುನ ಆ ವಿದ್ಯೆಯನ್ನು ಯಾವುದಕ್ಕೆ ಬಳಸಿದ ಎಂದು ಆಗ ನಾವಿಬ್ಬರೂ ಯೋಚಿಸಲಿಲ್ಲ!

ಬಿಲ್ಲು ಕಲಿಯುವವರಿಗೆ ಮೊದಲ ದಿನವೇ ಬಾಣ ಬಿಡುವ ಆಸೆ. ನನಗೆ ಮೊದಲು ಕೈಗೆ ಸಿಕ್ಕಿದ್ದು ಒಂದು ರಬ್ಬರ್ ಪಟ್ಟಿ. ಅದನ್ನು ಎಳೆದು ಎಳೆದು ಭುಜದ ಭಂಗಿ ಕಲಿಯಬೇಕು. ಆಮೇಲೆ ಬಿಲ್ಲು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಟ್ಟುಬಿಡಬಾರದು ಎಂಬುದು ಮೊದಲ ಪಾಠ, ಏಕೆಂದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಅದು ಒಡೆದುಹೋಗಬಹುದು. ಎಳೆದ ಹೆದೆಯನ್ನು ಕೈಯಲ್ಲಿ ಹಿಡಿದು, ನಿಧಾನವಾಗಿ ಮುಂದಕ್ಕೆ ತಂದು ಇಳಿಸಬೇಕು. ಎಳೆಯುವುದಕ್ಕಿಂತ ಹಾಗೆ ಇಳಿಸುವುದೇ ಕಷ್ಟ. ಇದು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಬೇಟೆಯ ವಿಷಯ ಬಂದದ್ದು ನನ್ನ ಗೆಳತಿಯ ಅಪ್ಪನಿಂದ. ಅವರು ಮೂವತ್ತು ವರ್ಷದಿಂದ ಬಿಲ್ಲಿನಲ್ಲಿ ಬೇಟೆಯಾಡುವವರು. ಈ ಏಪ್ರಿಲ್ ರಜೆಯಲ್ಲಿ ಗೆಳತಿಯ ಜೊತೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು. ಅಪ್ಪ "ನಾನೂ ಬರ್ತೀನಿ" ಎಂದು ಹೊರಟರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಅವರು ಹುಟ್ಟಿನಿಂದ ಸಸ್ಯಾಹಾರಿ, ಮನೆಯಲ್ಲಿ ಜೇಡ ಕಂಡರೂ ಲೋಟ ಮುಚ್ಚಿ ಹಿಡಿದು ತೋಟಕ್ಕೆ ಬಿಟ್ಟು ಬರುವವರು. ಕೊನೆಗೆ, "ಹೋಗು, ಆದರೆ ಬಾಣ ಬಿಡೋ ಮುಂಚೆ ನನಗೊಂದು ಫೋನ್ ಮಾಡು" ಎಂದರು. ಅಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅಪ್ಪ ಹೇಳಲಿಲ್ಲ.

ಸಕಲೇಶಪುರದ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿದಾಗ ಅವರು ಗಾಬರಿಯಾಗಲಿಲ್ಲ. ಅವರ ಅಪ್ಪನ ಕಾಲದಲ್ಲಿ ಊರಿನವರು ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದರಂತೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಹೊಡೆಯೋದು ಇರಲಿ ಮಗಾ, ಹೊಡೆದ ಮೇಲೆ ಹುಡುಕೋಕೆ ಬರುತ್ತಾ ನಿಂಗೆ?"

ನಾವು ಹೋದದ್ದು ಮರುಭೂಮಿಗೆ. ನ್ಯೂಜಿಲೆಂಡಿನಲ್ಲಿ ಮರುಭೂಮಿಯೇ ಎಂದು ನೀವು ಕೇಳಬಹುದು. ತೂರಂಗಿಯಿಂದ ವೈಔರುವಿಗೆ ಹೋಗುವ ಹೆದ್ದಾರಿಗೆ ಡೆಸರ್ಟ್ ರೋಡ್ ಎಂದೇ ಹೆಸರು. ವೆಲಿಂಗ್ಟನ್‌ಗೆ ಕಾರಿನಲ್ಲಿ ಹೋದವರೆಲ್ಲ ಅದನ್ನು ದಾಟಿರುತ್ತೀರಿ, ಹಿಂದಿನ ಸೀಟಿನ ಮಕ್ಕಳು ನಿದ್ದೆ ಮಾಡಿರುತ್ತಾರೆ. ರಸ್ತೆಯ ಅತಿ ಎತ್ತರದ ಜಾಗ 1,074 ಮೀಟರ್. ಪಶ್ಚಿಮಕ್ಕೆ ರುಆಪೆಹು ಪರ್ವತ, ಅದರ ಬುಡದಲ್ಲಿ ರಂಗಿಪೊ ಮರುಭೂಮಿ. ರಾಜಸ್ಥಾನದ ಹಾಗೆ ಮಳೆ ಇಲ್ಲದ ನಾಡಲ್ಲ ಅದು. ವರ್ಷಕ್ಕೆ 1,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ನೆಲವೆಲ್ಲ ಜ್ವಾಲಾಮುಖಿ ಉಗುಳಿದ ಬೂದಿ, ಮರಳು, ಕಲ್ಲು. ನೀರು ನಿಲ್ಲುವುದಿಲ್ಲ, ಸಾರವಿಲ್ಲ, ಬೀಸುವ ಗಾಳಿ ಇದ್ದಬದ್ದ ತೇವವನ್ನೂ ಒಣಗಿಸುತ್ತದೆ. ಅದಕ್ಕೇ ಅಲ್ಲಿ ಕಂದು ಬಣ್ಣದ ಟಸಕ್ ಹುಲ್ಲಿನ ಪೊದೆಗಳು, ಕುರುಚಲು ಗಿಡಗಳು, ಬೋಳು ಮರಳು. ರಸ್ತೆಯ ಪೂರ್ವಕ್ಕೆ ನೆಲ ಮೇಲೇರುತ್ತಾ ಹೋಗಿ ಕೈಮನಾವ ಬೆಟ್ಟಗಳ ಬೀಚ್ ಮರಗಳ ಕಾಡು ಶುರುವಾಗುತ್ತದೆ. ನಮ್ಮ ಕ್ಯಾಂಪ್ ಇದ್ದದ್ದು ಆ ಕಾಡಿನ ಅಂಚಿನಲ್ಲಿ. ದಕ್ಷಿಣದ ಕಡೆಯ ತುಂಬಾ ಜಾಗ ಸೈನ್ಯದ ತರಬೇತಿಗೆ ಸೇರಿದ್ದು, ಅಲ್ಲಿಗೆ ಕಾಲಿಡುವ ಹಾಗಿಲ್ಲ. ಅದಕ್ಕೇ ಹೊರಡುವ ಮೊದಲು ನಕ್ಷೆ ನೋಡುವುದು, ಸಂರಕ್ಷಣಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಪರ್ಮಿಟ್ ತೆಗೆದುಕೊಳ್ಳುವುದು ಕಡ್ಡಾಯ. ಪರ್ಮಿಟ್‌ಗೆ ದುಡ್ಡಿಲ್ಲ. ಬಂದೂಕಿಗಾದರೆ ಹದಿನಾರು ತುಂಬಿದ ಮೇಲೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು, ಬಿಲ್ಲಿಗೆ ಲೈಸೆನ್ಸ್ ಬೇಡ. ಬೇಡ ಎಂಬುದು ನನಗೆ ಸರಿ ಅನ್ನಿಸುವುದಿಲ್ಲ, ಅದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ಅಲ್ಲಿಯ ಜಿಂಕೆಯ ಹೆಸರು ಸಿಕಾ. ಜಪಾನಿನ ಕಡೆಯ ಜಾತಿ. 1905ರಲ್ಲಿ ಇಂಗ್ಲೆಂಡಿನ ಒಬ್ಬ ಡ್ಯೂಕ್ ಕಳಿಸಿಕೊಟ್ಟ ಕೆಲವೇ ಜಿಂಕೆಗಳನ್ನು ಕೈಮನಾವದಲ್ಲಿ ಬಿಟ್ಟರು. ಈಗ ಇರುವುದೆಲ್ಲ ಅವುಗಳ ಸಂತಾನ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ದೇಶದಲ್ಲಿ ಮನುಷ್ಯರು ಬರುವ ಮೊದಲು ನೆಲದ ಮೇಲೆ ಓಡಾಡುವ ಸಸ್ತನಿ ಎಂಬುದೇ ಇರಲಿಲ್ಲ, ಇದ್ದದ್ದು ಬಾವಲಿಗಳು ಮಾತ್ರ. ಇಲ್ಲಿಯ ಗಿಡಮರಗಳು ಲಕ್ಷಾಂತರ ವರ್ಷ ಜಿಂಕೆಯ ಬಾಯಿ ಎಂದರೇನೆಂದು ತಿಳಿಯದೆ ಬೆಳೆದವು. ಇಂಗ್ಲಿಷರು ತಮ್ಮ ಊರಿನಲ್ಲಿ ಶ್ರೀಮಂತರಿಗೆ ಮಾತ್ರ ಸಿಗುತ್ತಿದ್ದ ಬೇಟೆ ಇಲ್ಲಿ ಎಲ್ಲರಿಗೂ ಸಿಗಲಿ ಎಂದು 1851ರಿಂದ ಕೆಂಪು ಜಿಂಕೆ ತಂದು ಬಿಟ್ಟರು. ಆಮೇಲೆ ಬೇರೆ ಬೇರೆ ಜಾತಿ. ನಮ್ಮ ಮಲೆನಾಡಿನ ಕಡವೆಯೂ ಇಲ್ಲಿದೆ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಅದನ್ನು 1870ರ ದಶಕದಲ್ಲಿ ಶ್ರೀಲಂಕಾದಿಂದ ತಂದರಂತೆ. ಬಂಡೀಪುರದಲ್ಲಿ ಕಾಣುವ ಚುಕ್ಕಿ ಜಿಂಕೆಯನ್ನೂ ದಕ್ಷಿಣದ ಒಟಾಗೊದಲ್ಲಿ ಬಿಟ್ಟಿದ್ದರು, ಅದು ಉಳಿಯಲಿಲ್ಲ.

ಮೊದಲು ಈ ಜಿಂಕೆಗಳಿಗೆ ಕಾನೂನಿನ ರಕ್ಷಣೆ ಇತ್ತು. ಆಮೇಲೆ ಕಾಡು ಒಳಗಿಂದೊಳಗೆ ಬೋಳಾಗುತ್ತಿರುವುದು ಕಂಡಿತು. 1930ರಲ್ಲಿ ಸರ್ಕಾರ ಆ ರಕ್ಷಣೆ ತೆಗೆದುಹಾಕಿತು, ಮರುವರ್ಷದಿಂದ ಸಂಬಳ ಕೊಟ್ಟು ಬೇಟೆಗಾರರನ್ನು ಕಾಡಿಗೆ ಕಳಿಸಿತು. ಅಂಥ ಬೇಟೆಗಾರರಲ್ಲಿ ಬ್ಯಾರಿ ಕ್ರಂಪ್ ಒಬ್ಬರು, ಮುಂದೆ ದೊಡ್ಡ ಲೇಖಕರಾದರು. ನಾವೆಲ್ಲ ನೋಡಿ ನಕ್ಕ 'ಹಂಟ್ ಫಾರ್ ದಿ ವಿಲ್ಡರ್‌ಪೀಪಲ್' ಸಿನಿಮಾ ಅವರ ಪುಸ್ತಕದಿಂದಲೇ ಬಂದದ್ದು.

ಒಳಗಿಂದೊಳಗೆ ಬೋಳಾಗುವುದು ಎಂದರೇನು ಎಂಬುದನ್ನು ನಾನು ಕಣ್ಣಾರೆ ಕಂಡೆ. ಕೈಮನಾವದ ಕಾಡು ದೂರದಿಂದ ದಟ್ಟವಾಗಿಯೇ ಕಾಣುತ್ತದೆ. ಒಳಗೆ ಹೋದರೆ ಮೇಲೆ ದೊಡ್ಡ ಮರಗಳು, ಕೆಳಗೆ ಹಾವಸೆ, ಜಿಂಕೆ ತಿನ್ನದ ಒಂದೆರಡು ಜಾತಿಯ ಗಿಡಗಳು. ಮಧ್ಯದ ವಯಸ್ಸಿನ ಮರಗಳೇ ಇಲ್ಲ. ಅಜ್ಜ ಅಜ್ಜಿಯರು ಮಾತ್ರ ಉಳಿದ ಊರಿನ ಹಾಗೆ. ಬೀಚ್ ಮರದ ಸಸಿ ಬೆರಳುದ್ದ ಬಂದರೆ ಸಾಕು, ಸಿಕಾ ಅದನ್ನು ಮುಗಿಸಿರುತ್ತದೆ. ದೊಡ್ಡ ಮರಗಳು ಬಿದ್ದ ಮೇಲೆ ಅವುಗಳ ಜಾಗಕ್ಕೆ ಯಾರು ಬರಬೇಕು?

"ನಮ್ಮಲ್ಲಿ ಜಿಂಕೆ ಕೊಂದರೆ ಜೈಲು, ಅಲ್ಲಿ ಪರ್ಮಿಟ್ ಕೊಟ್ಟು ಕಳಿಸುತ್ತಾರಾ?" ಎಂದು ಮೈಸೂರಿನ ನನ್ನ ಕಸಿನ್ ಕೇಳಿದ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಸರಿಯಾಗಿಯೇ ಇದೆ. ಬಂಡೀಪುರ ಒಂದು ಕಾಲದಲ್ಲಿ ಮೈಸೂರು ಮಹಾರಾಜರ ಬೇಟೆಯ ಕಾಡು, 1973ರಿಂದ ಹುಲಿ ಯೋಜನೆಯ ಕಾಡು. ಅಲ್ಲಿ ಜಿಂಕೆಯನ್ನು ತಿನ್ನಲು ಹುಲಿ, ಚಿರತೆ, ಸೀಳುನಾಯಿ ಇವೆ. ಮನುಷ್ಯನೂ ಸೇರಿಕೊಂಡರೆ ಏನೂ ಉಳಿಯುವುದಿಲ್ಲ. ಇಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ಅಲ್ಲಿಯ ಸರಿ ಇಲ್ಲಿಯ ಸರಿಯಾಗಲೇಬೇಕು ಎಂದಿಲ್ಲ. ಇಲ್ಲಿಯದನ್ನು ಕಲಿತು ಅಲ್ಲಿಗೆ ಹೋಗಿ ಮಾಡುವುದೂ ಸಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಮಕ್ಕಳು ಶಾಲೆಯಲ್ಲಿ ಇಲಿಬೋನು ಮಾಡಿದ್ದೇವೆ. ಪಕ್ಷಿಗಳನ್ನು ಉಳಿಸಲು 2050ರೊಳಗೆ ಇಲಿ, ಸ್ಟೋಟ್, ಪೊಸಮ್‌ಗಳನ್ನು ಇಲ್ಲವಾಗಿಸಬೇಕು ಎಂಬುದು ದೇಶದ ಗುರಿ. ಬೋನು ಮನೆಗೆ ತಂದಾಗ ಅಪ್ಪ ಅಮ್ಮ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಾರೆ. ಇಲಿ ಗಣಪನ ವಾಹನ, ಆದರೂ ಯಾರೂ "ಪಾಪ" ಅನ್ನಲಿಲ್ಲ. ಜಿಂಕೆಗೆ ದೊಡ್ಡ ಕಣ್ಣು ಇದೆ ಎಂಬುದು ಬಿಟ್ಟರೆ ವ್ಯತ್ಯಾಸವೇನು? ಕೋಳಿ ಬಿರಿಯಾನಿ ತಿನ್ನುವ ಮನೆಯವರಿಗಂತೂ ಈ ಪ್ರಶ್ನೆ ಇನ್ನೂ ಹತ್ತಿರದ್ದು. ನಮ್ಮಪ್ಪನೂ ಅದಕ್ಕೆ ಸೇರಿದವರೇ.

ಆದರೆ ಅಮ್ಮ ಹೇಳಿದ ಒಂದು ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. "ಅವೂ ನಮ್ಮ ಹಾಗೆ ಹೊರಗಿನಿಂದ ಬಂದವು. ಬಂದು ನೂರು ವರ್ಷ ಆದಮೇಲೂ ನೀವು ಇಲ್ಲಿಯವರಲ್ಲ ಅಂದರೆ ಹೇಗೆ?" ಎಂದರು. ಓವೈರಾಕದ ಮೇಲೂ ಇದೇ ಜಗಳ ನಡೆದದ್ದು ನಿಮಗೆ ನೆನಪಿರಬಹುದು. 2019ರಲ್ಲಿ ಗುಡ್ಡದ 345 ಪರದೇಶದ ಮರಗಳನ್ನು ಕಡಿದು ಇಲ್ಲಿಯ ಗಿಡ ನೆಡುತ್ತೇವೆ ಎಂದಾಗ ಜನ ಗುಡ್ಡದ ಬುಡದಲ್ಲಿ ಕಾವಲು ಕೂತರು. ಜನರನ್ನು ಸರಿಯಾಗಿ ಕೇಳದೆ ತೀರ್ಮಾನಿಸಿದ್ದು ತಪ್ಪು ಎಂದು 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನಾನು ಆಗ ಚಿಕ್ಕವಳು, ಮರಗಳ ಪಕ್ಷ. ಈಗ ಎರಡೂ ಕಡೆಯವರು ಹೇಳುವುದು ಸ್ವಲ್ಪ ಸ್ವಲ್ಪ ಅರ್ಥವಾಗುತ್ತದೆ.

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ಜಿಂಕೆ ತಾನಾಗಿ ಬರಲಿಲ್ಲ, ಅದನ್ನು ಮನುಷ್ಯರು ತಂದರು. ತಂದವರ ತಪ್ಪಿಗೆ ಜಿಂಕೆ ಸಾಯುತ್ತದೆ ಎಂಬುದು ನಿಜವೇ, ಅದಕ್ಕೇ ನಾನು ಅದನ್ನು 'ಪೀಡೆ' ಎಂದು ಕರೆಯುವುದಿಲ್ಲ. ಆದರೆ ನಾವು ಜಿಂಕೆಗಳಲ್ಲ. ನಮಗೆ ಸಸಿ ಯಾವುದು, ಮರ ಯಾವುದು ಎಂದು ಗೊತ್ತಾಗುತ್ತದೆ. ಹೊರಗಿನಿಂದ ಬಂದವರಿಗೆ ಈ ಕಾಡಿನ ಬಗ್ಗೆ ಜವಾಬ್ದಾರಿ ಇಲ್ಲ ಎಂದುಕೊಂಡರೆ ನಾವು ಎಷ್ಟು ವರ್ಷ ಇದ್ದರೂ ಅತಿಥಿಗಳೇ. ಅಮ್ಮ ಒಪ್ಪಲಿಲ್ಲ, ಆದರೆ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಈಗ ಕಲಿಕೆಯ ವಿಷಯ. ಬಿಲ್ಲಿನ ಬೇಟೆ ಎಂದರೆ ಹೆಚ್ಚಿನ ಪಾಲು ಬಾಣ ಬಿಡದಿರುವುದು. ಬಂದೂಕಿನವರು ಇನ್ನೂರು ಮೀಟರ್ ದೂರದಿಂದ ಹೊಡೆಯುತ್ತಾರೆ. ಬಿಲ್ಲಿನವರು ಜಿಂಕೆಯ ರೆಪ್ಪೆ ಕಾಣುವಷ್ಟು ಹತ್ತಿರ ಹೋಗಬೇಕು. ಗೆಳತಿಯ ಅಪ್ಪ ನಮಗೆ ಹಾಕಿದ ಮಿತಿ 20 ಮೀಟರ್. ಹೊರಡುವ ಮುಂಚೆ ಮೂರು ತಿಂಗಳು ಅವರು ಕೊಟ್ಟ ಪರೀಕ್ಷೆ ಹೀಗಿತ್ತು: ಹುಟ್ಟುಹಬ್ಬಕ್ಕೆ ತರುವ ಪೇಪರ್ ತಟ್ಟೆಯನ್ನು 20 ಮೀಟರ್ ದೂರದಲ್ಲಿ ಚುಚ್ಚಿಡಬೇಕು, ದಿನದ ಮೊದಲನೆಯ ಬಾಣ ಅದರೊಳಗೆ ಬೀಳಬೇಕು. ಎರಡನೆಯದು, ಮೂರನೆಯದು ಲೆಕ್ಕಕ್ಕಿಲ್ಲ, ಏಕೆಂದರೆ ಜಿಂಕೆ ನಮಗೆ ವಾರ್ಮ್‌ಅಪ್ ಮಾಡಲು ಬಿಡುವುದಿಲ್ಲ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಡಿಮೆ ಆ ತಟ್ಟೆಯಷ್ಟೇ.

ಬಿಲ್ಲೂ ಬದಲಾಯಿತು. ಕ್ಲಬ್‌ನಲ್ಲಿ ನಾನು ಹಿಡಿಯುತ್ತಿದ್ದ ಹಗುರದ ಬಿಲ್ಲು ಜಿಂಕೆಗೆ ಸಾಲದು. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲನ್ನು ಅವರು ಕೊಟ್ಟರು, ಎಳೆತ 40 ಪೌಂಡ್, ಅಂದರೆ ಸುಮಾರು 18 ಕಿಲೋ. ಪೂರ್ತಿ ಎಳೆದ ಮೇಲೆ ರಾಟೆ ಭಾರದ ಹೆಚ್ಚಿನ ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ, ಆಗ ಸ್ವಲ್ಪ ಹೊತ್ತು ತಡೆದು ಗುರಿ ಹಿಡಿಯಬಹುದು. ಬೇಟೆಯ ಬಾಣದ ತುದಿಯಲ್ಲಿ ಬ್ಲೇಡ್‌ಗಳಿರುತ್ತವೆ. ಗುಂಡಿನ ಹಾಗೆ ಅದು ಪೆಟ್ಟಿನಿಂದ ಬೀಳಿಸುವುದಿಲ್ಲ, ಕತ್ತರಿಸಿ ರಕ್ತ ಹೋಗುವಂತೆ ಮಾಡುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಎರಡು ಗೇಣು ಹಿಂದೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಇದನ್ನು ಮಕ್ಕಳು ಓದುವ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಯೋಚಿಸಿದೆ. ಬರೆಯಲೇಬೇಕು ಅನ್ನಿಸಿತು. ಇದನ್ನು ಮುಚ್ಚಿಟ್ಟು ಬೇಟೆಯ ಫೋಟೊ ಮಾತ್ರ ತೋರಿಸುವುದೇ ಮೋಸ.

ಆ ಬಯಲಿನಲ್ಲಿ ಅಡಗಲು ಜಾಗವಿಲ್ಲ. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ನೀರು ಕೊರೆದ ಒಣ ಹಳ್ಳಗಳು. ಆ ಹಳ್ಳಗಳಲ್ಲೇ ಬಗ್ಗಿ, ಕೆಲವು ಕಡೆ ತೆವಳಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯ ಗಾಳಿ. ಬೆಳಗಿನ ತಂಪಿಗೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ಏರುತ್ತದೆ. ನಾವು ಯಾವಾಗಲೂ ಗಾಳಿಗೆ ಎದುರಾಗಿ ಹೋಗಬೇಕು, ಇಲ್ಲವಾದರೆ ನಮ್ಮ ವಾಸನೆ ನಮಗಿಂತ ಮುಂಚೆ ಜಿಂಕೆಯ ಮೂಗಿಗೆ ಮುಟ್ಟುತ್ತದೆ. ಗಾಳಿ ನೋಡಲು ಸಣ್ಣ ಬಾಟಲಿಯಿಂದ ಪುಡಿ ಹಾರಿಸುತ್ತಾರೆ. ಅಪ್ಪ ಅದಕ್ಕೆಂದು ಮೈಸೂರ್ ಸ್ಯಾಂಡಲ್ ಪೌಡರ್ ತಂದಿದ್ದರು! ಗೆಳತಿಯ ಅಪ್ಪ ಒಮ್ಮೆ ಮೂಸಿ ನೋಡಿ, ನಗುತ್ತಾ ಕಾರಿನಲ್ಲಿಟ್ಟು, ಕಾರ್ನ್‌ಫ್ಲೋರ್ ಬಾಟಲಿ ಕೊಟ್ಟರು. ಅವತ್ತು ಬೆಳಿಗ್ಗೆ ಅಪ್ಪ ಅದೇ ಸೋಪಿನಲ್ಲಿ ಮುಖ ತೊಳೆದಿದ್ದರಿಂದ ಅವರನ್ನು ಕ್ಯಾಂಪಿನಲ್ಲೇ ಅಡುಗೆಗೆ ಬಿಟ್ಟು ಹೋದೆವು.

ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿದರು. ಜಿಂಕೆಗೆ ಆ ಬಣ್ಣ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ. ಅದು ಇರುವುದು ಬೇರೆ ಬೇಟೆಗಾರರಿಗೆ ನಾವು ಮನುಷ್ಯರೆಂದು ಕಾಣಲಿ ಎಂದು. ಈ ದೇಶದ ಬಂದೂಕು ಸುರಕ್ಷತೆಯ ಏಳು ನಿಯಮಗಳಲ್ಲಿ ಒಂದು ಹೀಗಿದೆ: ನಿನ್ನ ಗುರಿ ಏನೆಂದು ಸಂಶಯಕ್ಕೆಡೆಯಿಲ್ಲದಂತೆ ಗುರುತಿಸು. ಅದು ಬಿಲ್ಲಿಗೂ ಅನ್ವಯಿಸುತ್ತದೆ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ದಶರಥ. ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಾಣ ಬಿಟ್ಟ, ಸತ್ತದ್ದು ಶ್ರವಣಕುಮಾರ. ನಾವು ಅದನ್ನು ಪುತ್ರಶೋಕದ ಕಥೆ ಎಂದು ಕಲಿಯುತ್ತೇವೆ. ಬೇಟೆ ಕಲಿಯುವವರಿಗೆ ಅದು ಮೊದಲ ಸುರಕ್ಷತಾ ಪಾಠ. ಹಳೆಯ ಕಥೆ ಮಾತ್ರವಲ್ಲ. 2010ರ ಅಕ್ಟೋಬರಿನಲ್ಲಿ, ತೂರಂಗಿಯ ಹತ್ತಿರದ ಕ್ಯಾಂಪ್ ಒಂದರಲ್ಲಿ, ರಾತ್ರಿ ಹಲ್ಲುಜ್ಜುತ್ತಾ ನಿಂತಿದ್ದ ಒಬ್ಬ ಯುವ ಶಿಕ್ಷಕಿಯ ತಲೆಯ ಮೇಲಿನ ಟಾರ್ಚಿನ ಬೆಳಕನ್ನು ಜಿಂಕೆಯ ಕಣ್ಣೆಂದು ತಿಳಿದು ಒಬ್ಬ ಗುಂಡು ಹಾರಿಸಿದ. ಅವರು ಅಲ್ಲೇ ಸತ್ತರು. ಸಂರಕ್ಷಣಾ ಇಲಾಖೆಯ ಕಾಡಿನಲ್ಲಿ ರಾತ್ರಿ ಬೇಟೆ ನಿಷಿದ್ಧ, ಆದರೂ ಅದು ನಡೆಯಿತು. ನಾವು ಆ ರಾತ್ರಿ ಟೆಂಟಿನ ಹೊರಗೆ ಹಲ್ಲುಜ್ಜುವಾಗ ನನಗೆ ಅದೇ ಯೋಚನೆ.

ಎರಡನೆಯ ದಿನ ಸಂಜೆ ನನಗೆ ಜಿಂಕೆ ಸಿಕ್ಕಿತು. ಏಪ್ರಿಲ್ ಅವುಗಳ ಕೂಡುವ ಕಾಲ, ಗಂಡುಗಳು ಸಿಳ್ಳೆಯಂಥ, ಕಿರುಚಿದಂಥ ಸದ್ದು ಮಾಡುತ್ತಾ ತಿರುಗುತ್ತವೆ. ನಾವು ಹಳ್ಳದ ಅಂಚಿನಲ್ಲಿ ಒಂದು ಗಂಟೆಯಿಂದ ಅಲುಗಾಡದೆ ಕೂತಿದ್ದೆವು. ಒಂದು ಹರೆಯದ ಗಂಡು ಕಾಡಿನಿಂದ ಹೊರಬಂದು ಹುಲ್ಲಿನ ಮಧ್ಯೆ ನಿಧಾನವಾಗಿ ನಮ್ಮ ಕಡೆಗೇ ನಡೆಯಿತು. ಮೂವತ್ತು ಮೀಟರ್, ಇಪ್ಪತ್ತೈದು, ಇಪ್ಪತ್ತು. ನಾನು ಅದು ತಲೆ ತಗ್ಗಿಸಿದಾಗ ಹೆದೆ ಎಳೆದೆ. ಅದು ತಲೆಯೆತ್ತಿ ನಿಂತಿತು. ನನಗೆ ಎದುರಾಗಿಯೇ ನಿಂತಿತ್ತು. ಎದುರಿನಿಂದ ಬಾಣ ಬಿಡಬಾರದು, ಎದೆಯ ಮೂಳೆ ಅಡ್ಡ ಬರುತ್ತದೆ. ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ನಾನು ಕಾದೆ. ನನ್ನ ಎಡಗೈ ನಡುಗಲು ಶುರುವಾಯಿತು. ಅದು ಸ್ವಲ್ಪ ತಿರುಗಿತು, ಆದರೆ ಅಷ್ಟರಲ್ಲಿ ನನ್ನ ಗುರಿಯ ಚುಕ್ಕಿ ಅದರ ಮೈಮೇಲೆಲ್ಲ ಓಡಾಡುತ್ತಿತ್ತು. ಬಿಡಬಹುದಿತ್ತು. ಬಿದ್ದರೂ ಬೀಳುತ್ತಿತ್ತು. ನಾನು ಹೆದೆಯನ್ನು ನಿಧಾನವಾಗಿ ಇಳಿಸಿದೆ. ಆ ಅಲುಗಾಟಕ್ಕೆ ಅದು ಒಮ್ಮೆ ಕಿರುಚಿ, ಬಿಳಿಯ ಹಿಂಭಾಗ ತೋರಿಸುತ್ತಾ ಕಾಡಿಗೆ ಓಡಿತು.

ನನಗೆ ಅಳು ಬಂತು. ಸಮಾಧಾನಕ್ಕೋ ಅವಮಾನಕ್ಕೋ ಗೊತ್ತಿಲ್ಲ. ಗೆಳತಿಯ ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಮ್ಮ ಕಥೆ ಹೇಳಿದರು. ಕಲಿಯುವ ಕಾಲದಲ್ಲಿ ಅವರು 40 ಮೀಟರ್ ದೂರದ ಹೆಣ್ಣು ಜಿಂಕೆಗೆ ಬಾಣ ಬಿಟ್ಟಿದ್ದರಂತೆ. ಹೊಟ್ಟೆಗೆ ಬಿತ್ತು. ಕಾಯದೆ ಕೂಡಲೇ ಬೆನ್ನಟ್ಟಿದರು, ಅದು ಹೆದರಿ ಇನ್ನೂ ದೂರ ಓಡಿತು. ರಾತ್ರಿ ಮಳೆ ಬಂದು ರಕ್ತದ ಗುರುತು ಅಳಿಸಿಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. "ಆ ಜಿಂಕೆಯನ್ನು ನಾನು ಈಗಲೂ ಹುಡುಕುತ್ತಿದ್ದೇನೆ" ಎಂದರು. ನನಗೆ ಸಕಲೇಶಪುರದ ಅಜ್ಜಿಯ ಪ್ರಶ್ನೆ ಆಗ ಅರ್ಥವಾಯಿತು. ಮರುದಿನ ಅವರು ನಮಗೆ ಕಲಿಸಿದ್ದು ಹೊಡೆಯುವುದನ್ನಲ್ಲ, ಹುಡುಕುವುದನ್ನು. ಬಾಣ ಬಿದ್ದ ಜಾಗ ಗುರುತಿಡುವುದು, ಕಡಿಮೆ ಎಂದರೆ ಅರ್ಧ ಗಂಟೆ ಕಾಯುವುದು, ಹುಲ್ಲಿನ ಮೇಲಿನ ಗುರುತು ಹಿಡಿದು ಒಂದೊಂದೇ ಹೆಜ್ಜೆ ಹೋಗುವುದು. ಬೀಟ್‌ರೂಟ್ ನೀರು ಚಿಮುಕಿಸಿ ಆಟದ ಹಾಗೆ ಕಲಿಸಿದರು. ನಾನು ಎರಡು ಸಲ ದಾರಿ ತಪ್ಪಿದೆ.

ಹಾಗಾದರೆ ನನ್ನ ಅಭಿಪ್ರಾಯವೇನು?

ಮೊದಲನೆಯದಾಗಿ, ಬಿಲ್ಲಿನ ಬೇಟೆಯಿಂದ ಕಾಡು ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಮೂರು ದಿನದಲ್ಲಿ ಮೂವರು ಸೇರಿ ಒಂದು ಜಿಂಕೆಯನ್ನೂ ತರಲಿಲ್ಲ. ಜಿಂಕೆಗಳ ಸಂಖ್ಯೆ ಇಳಿಸಬೇಕಾದರೆ ಬಂದೂಕು, ಹೆಲಿಕಾಪ್ಟರ್ ಬೇಕು. "ಕಾಡಿಗಾಗಿ" ಎಂಬುದನ್ನು ನೆಪ ಮಾಡಿಕೊಂಡು ಮೋಜಿಗೆ ಹೋಗುವವರು ಇದ್ದಾರೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಅಂಥವರಿಗೇ ಇರುವುದು. ಆದರೆ ಕಾಡಿನಲ್ಲಿ ಮೂರು ದಿನ ಗಾಳಿ, ನೆಲ, ಸಸಿ ನೋಡುತ್ತಾ ಕೂತವರಿಗೆ ಆ ಕಾಡಿಗೆ ಏನಾಗುತ್ತಿದೆ ಎಂದು ತಿಳಿಯುತ್ತದೆ. ನನಗೆ ಅದು ಬೇರೆ ಯಾವ ಪ್ರವಾಸದಲ್ಲೂ ತಿಳಿದಿರಲಿಲ್ಲ.

ಎರಡನೆಯದಾಗಿ, ಬಿಲ್ಲಿನ ಬೇಟೆಗೂ ಒಂದು ಪರೀಕ್ಷೆ, ಲೈಸೆನ್ಸ್ ಇರಬೇಕು. ಬಂದೂಕಿಗೆ ಬೇಕು, ಬಿಲ್ಲಿಗೆ ಬೇಡ ಎಂದರೆ ಅಂಗಡಿಯಿಂದ ಬಿಲ್ಲು ಕೊಂಡು ಮರುದಿನವೇ ಕಾಡಿಗೆ ಹೋಗುವವರನ್ನು ತಡೆಯುವವರು ಯಾರು? ಪೇಪರ್ ತಟ್ಟೆಯ ಪರೀಕ್ಷೆಯನ್ನು ನನಗೆ ಒಬ್ಬ ಗೆಳತಿಯ ಅಪ್ಪ ಕೊಟ್ಟರು. ಅಂಥವರು ಎಲ್ಲರಿಗೂ ಸಿಗುವುದಿಲ್ಲ.

ಅಪ್ಪ ಅಮ್ಮಂದಿರಿಗೆ ನನ್ನ ಮಾತು: ಮಕ್ಕಳು ಇಂಥದ್ದನ್ನು ಕೇಳಿದಾಗ "ಛೀ, ಪಾಪ" ಎಂದು ಅಲ್ಲಿಗೇ ಮುಗಿಸಬೇಡಿ. ನೀವು ಮುಗಿಸಿದರೆ ಅವರು ಯೂಟ್ಯೂಬ್‌ನಲ್ಲಿ ಕಲಿಯುತ್ತಾರೆ, ಅಲ್ಲಿ ಗಾಯಗೊಂಡು ಸಿಗದೆ ಹೋದ ಜಿಂಕೆಯನ್ನು ಯಾರೂ ತೋರಿಸುವುದಿಲ್ಲ. ಬೇಡ ಎನ್ನುವುದಾದರೆ ಏಕೆ ಬೇಡ ಎಂದು ಅಮ್ಮನ ಹಾಗೆ ವಾದ ಮಾಡಿ. ಅಮ್ಮ ಕೇಳಿದ ಪ್ರಶ್ನೆಗಳಿಂದಲೇ ನಾನು ಇಷ್ಟು ಯೋಚಿಸಿದ್ದು. ಆದರೆ ಒಮ್ಮೆಯಾದರೂ ಅವರ ಜೊತೆ ಕಾಡಿಗೆ ಹೋಗಿ, ಬಿಲ್ಲಿಲ್ಲದೆಯೇ. ಡೆಸರ್ಟ್ ರೋಡ್‌ನಲ್ಲಿ ಕಾರು ನಿಲ್ಲಿಸಿ ಮಕ್ಕಳನ್ನು ಎಬ್ಬಿಸಿ.

ನನ್ನ ವಯಸ್ಸಿನವರಿಗೆ, ನನಗಿಂತ ಚಿಕ್ಕವರಿಗೆ: ಮನೆಯವರಿಗೆ ಗೊತ್ತಿಲ್ಲದೆ ಹೋಗಬೇಡಿ, ಕಲಿಸುವ ದೊಡ್ಡವರಿಲ್ಲದೆ ಹೋಗಬೇಡಿ. ಮೊದಲು ಗುಡ್ಡದ ಮೇಲೆ ಹುಲ್ಲಿನ ಗುರಿಗೆ ಹೊಡೆದು ಕಲಿಯಿರಿ. ಅಷ್ಟರಲ್ಲೇ ತೃಪ್ತಿಯಾದರೆ ಅಲ್ಲೇ ನಿಲ್ಲಿ, ಅದೂ ಪೂರ್ತಿ ವಿದ್ಯೆಯೇ. ಎಳೆದ ಹೆದೆಯನ್ನು ಇಳಿಸಲು ನಾಚಿಕೆ ಪಡುವವರು ಮಾತ್ರ ಬೇಟೆಗೆ ಬರಬೇಡಿ.

ಮುಂದಿನ ಏಪ್ರಿಲ್‌ನಲ್ಲಿ ನಾನು ಮತ್ತೆ ಹೋಗುತ್ತೇನೆ. ಆ ಜಿಂಕೆ ಪಕ್ಕಕ್ಕೆ ತಿರುಗಿ ನಿಂತರೆ, ನನ್ನ ಕೈ ನಡುಗದಿದ್ದರೆ, ಬಾಣ ಬಿಡುತ್ತೇನೆ ಎಂದೇ ಈಗ ಅನ್ನಿಸುತ್ತದೆ. ಅಮ್ಮನ ಜೊತೆ ಒಪ್ಪಂದವಾಗಿದೆ: ಮಾಂಸ ನಮ್ಮ ಅಡುಗೆಮನೆಗೆ ಬರುವುದಿಲ್ಲ, ಗೆಳತಿಯ ಮನೆಯವರು ಒಂದು ತುಂಡೂ ಹಾಳು ಮಾಡದೆ ತಿನ್ನುತ್ತಾರೆ, ಮನೆಗೆ ಬಂದ ಮೇಲೆ ನಾನು ನಡೆದದ್ದೆಲ್ಲ ಅಮ್ಮನಿಗೆ ಹೇಳಬೇಕು, ಅಮ್ಮ ಪೂರ್ತಿ ಕೇಳಬೇಕು. ಆಮೇಲೆ ಅವರು ಬೈದರೆ ಬೈಸಿಕೊಳ್ಳಬೇಕು.

ಪುಣ್ಯಕೋಟಿಯ ಪ್ರಶ್ನೆ ಕೇಳಿದ ಆಂಟಿಗೆ ಉತ್ತರ ಇನ್ನೂ ಬಾಕಿಯಿದೆ. ಆಂಟಿ, ಆ ನಾಟಕದಲ್ಲಿ ನಾನು ಪುಣ್ಯಕೋಟಿಯಾಗಿದ್ದಾಗ ಹುಲಿಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಈಗ ಯೋಚಿಸುತ್ತೇನೆ. ಹಸಿದ ಹುಲಿ ಎದುರಿಗೆ ಬಂದ ಹಸುವಿನ ಮಾತು ಕೇಳಿ, ಅದನ್ನು ಹೋಗಲು ಬಿಟ್ಟು ಕಾಯುತ್ತದಲ್ಲ, ಅದು ಸುಲಭದ ಕೆಲಸ ಅಲ್ಲ.

ನಿಮಗೆ ಏನನ್ನಿಸಿತು, ಮುಂದಿನ ತಿಂಗಳ ಸಂಚಿಕೆಗೆ ಬರೆಯಿರಿ. ಒಪ್ಪದವರು ಮೊದಲು ಬರೆಯಿರಿ.